ಹಬೆಯಲ್ಲಿ ಬೇಯುವ ಕತ್ತರಿ

ಶಸ್ತ್ರಚಿಕಿತ್ಸೆಗೆ ಬಳಸಿದ ಕತ್ತರಿಯೊಂದನ್ನು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು, ಬಿಳಿ ಬಟ್ಟೆಯಿಂದ ಒರೆಸಿ ಇಟ್ಟರೆ ಕನ್ನಡಿಯಂತೆ ಹೊಳೆಯುತ್ತದೆ. ಅದು ಶುಚಿಯಾಗಿದೆಯೇ ಎಂದು ಕೇಳಿದರೆ ಹೌದು ಎನ್ನಬೇಕು. ಅದನ್ನು ಇನ್ನೊಬ್ಬ ರೋಗಿಯ ಹೊಟ್ಟೆಯೊಳಗೆ ಇಳಿಸಬಹುದೇ ಎಂದು ಕೇಳಿದರೆ ಖಂಡಿತ ಕೂಡದು ಎನ್ನಬೇಕು. ಈ ಎರಡು ಉತ್ತರಗಳ ನಡುವಿನ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಆ ಅಂತರದಲ್ಲೇ ಎಷ್ಟೋ ಜನರ ಜೀವ ಉಳಿದಿದೆ, ಎಷ್ಟೋ ಜನರ ಜೀವ ಹೋಗಿದೆ.

ನಮ್ಮ ಚರ್ಮ ಒಂದು ಗಟ್ಟಿ ಕೋಟೆ. ಅದರ ಮೇಲೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ವಾಸವಾಗಿದ್ದರೂ ಒಳಗೆ ನುಗ್ಗಲು ಅವಕ್ಕೆ ಸಾಧ್ಯವಿಲ್ಲ. ಆಸ್ಪತ್ರೆಯಲ್ಲಿ ಈ ಕೋಟೆಯ ಬಾಗಿಲನ್ನು ನಾವೇ ತೆರೆಯುತ್ತೇವೆ. ಸೂಜಿ ಚುಚ್ಚುತ್ತೇವೆ, ಚಾಕುವಿನಿಂದ ಕೊಯ್ಯುತ್ತೇವೆ, ರಕ್ತನಾಳಕ್ಕೆ ಕೊಳವೆ ಹಾಕುತ್ತೇವೆ. ರೋಗಿ ಮೊದಲೇ ನಿಶ್ಶಕ್ತನಾಗಿರುತ್ತಾನೆ. ಅಕ್ಕಪಕ್ಕದ ಹಾಸಿಗೆಗಳಲ್ಲಿ ಬೇರೆ ಬೇರೆ ಸೋಂಕಿನವರು ಮಲಗಿರುತ್ತಾರೆ. ಹೀಗಾಗಿ ಒಂದು ಕಾಯಿಲೆಗೆ ಮದ್ದು ಪಡೆಯಲು ಬಂದವರಿಗೆ ಅಲ್ಲಿಯೇ ಇನ್ನೊಂದು ಕಾಯಿಲೆ ಅಂಟಿಕೊಳ್ಳುವುದುಂಟು. ಇದಕ್ಕೆ ಆಸ್ಪತ್ರೆ ಸೋಂಕು ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದಾಖಲಾಗಿ ಚಿಕಿತ್ಸೆ ಪಡೆಯುವ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಉಳಿದ ದೇಶಗಳಲ್ಲಿ 15 ಮಂದಿಗೆ ಇಂಥ ಸೋಂಕು ಒಂದಾದರೂ ತಗಲುತ್ತದೆ.

ಇದನ್ನು ತಡೆಯುವ ವಿದ್ಯೆಯನ್ನು ತಿಳಿಯಬೇಕಾದರೆ ಮೊದಲು ಮೂರು ಮಾತುಗಳನ್ನು ಬೇರೆ ಬೇರೆಯಾಗಿ ಅರ್ಥ ಮಾಡಿಕೊಳ್ಳಬೇಕು. ಕೊಳೆ, ರಕ್ತ, ಕೀವು, ಜಿಡ್ಡುಗಳನ್ನು ತೊಳೆದು ತೆಗೆಯುವುದು ಶುಚಿಗೊಳಿಸುವುದು. ರೋಗ ತರುವ ಸೂಕ್ಷ್ಮಜೀವಿಗಳಲ್ಲಿ ಬಹುಪಾಲನ್ನು ಕೊಲ್ಲುವುದು ಸೋಂಕುನಾಶ. ಇದರಲ್ಲಿ ಕೆಲವು ಗಟ್ಟಿ ಜೀವಿಗಳು ಉಳಿದುಕೊಳ್ಳಬಹುದು. ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ, ಬೀಜಕ ಯಾವುದನ್ನೂ ಉಳಿಸದೆ ಸಂಪೂರ್ಣವಾಗಿ ನಾಶಪಡಿಸುವುದು ಕ್ರಿಮಿಶುದ್ಧಿ. ನೆಲ ಒರೆಸಲು ಸೋಂಕುನಾಶ ಸಾಕು. ಹೊಟ್ಟೆಯೊಳಗೆ ಹೋಗುವ ಕತ್ತರಿಗೆ ಕ್ರಿಮಿಶುದ್ಧಿಯೇ ಆಗಬೇಕು.

ವಿಯೆನ್ನಾದ ಎರಡು ಹೆರಿಗೆ ವಿಭಾಗಗಳು

ಸೂಕ್ಷ್ಮಜೀವಿಗಳೇ ರೋಗಕ್ಕೆ ಕಾರಣ ಎಂದು ಜಗತ್ತು ಒಪ್ಪುವ ಮೊದಲೇ ಒಬ್ಬ ವೈದ್ಯ ಬರೀ ಲೆಕ್ಕಾಚಾರದಿಂದ ಸತ್ಯದ ಹತ್ತಿರ ಬಂದಿದ್ದ. ಹಂಗೆರಿಯಲ್ಲಿ ಹುಟ್ಟಿದ ಆತನ ಹೆಸರು ಇಗ್ನಾಜ್ ಸೆಮ್ಮೆಲ್‌ವೈಸ್. 1846ರಲ್ಲಿ ಆತ ವಿಯೆನ್ನಾದ ದೊಡ್ಡ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಸೇರಿದ. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಪಾಠ, ಎರಡನೆಯದರಲ್ಲಿ ಸೂಲಗಿತ್ತಿಯರಿಗೆ ತರಬೇತಿ. ಆ ವರ್ಷ ಒಂದನೆಯ ವಿಭಾಗದಲ್ಲಿ ಬಾಣಂತಿ ನಂಜಿನಿಂದ ಸತ್ತವರು ನೂರಕ್ಕೆ 11ಕ್ಕಿಂತ ಹೆಚ್ಚು. ಎರಡನೆಯದರಲ್ಲಿ ನೂರಕ್ಕೆ 3ಕ್ಕಿಂತ ಕಡಿಮೆ. ಕಟ್ಟಡ ಒಂದೇ, ಊಟ ಒಂದೇ, ಹವೆ ಒಂದೇ. ಒಂದನೆಯ ವಿಭಾಗಕ್ಕೆ ಹಾಕಬೇಡಿರೆಂದು ಗರ್ಭಿಣಿಯರು ಮಂಡಿಯೂರಿ ಬೇಡಿಕೊಳ್ಳುತ್ತಿದ್ದರು. ದಾರಿಯಲ್ಲೇ ಹೆತ್ತು ಆಮೇಲೆ ಆಸ್ಪತ್ರೆಗೆ ಬಂದ ತಾಯಂದಿರಿಗೂ ಈ ಜ್ವರ ಅಷ್ಟಾಗಿ ಬರುತ್ತಿರಲಿಲ್ಲ.

1847ರ ಮಾರ್ಚ್‌ನಲ್ಲಿ ಸೆಮ್ಮೆಲ್‌ವೈಸ್‌ನ ಗೆಳೆಯ, ಪ್ರಾಧ್ಯಾಪಕ ಯಾಕೋಬ್ ಕೊಲ್ಲೆಚ್ಕ ತೀರಿಕೊಂಡ. ಶವ ಪರೀಕ್ಷೆಯ ಸಮಯದಲ್ಲಿ ವಿದ್ಯಾರ್ಥಿಯೊಬ್ಬನ ಚಾಕು ಆತನ ಬೆರಳಿಗೆ ತಗಲಿತ್ತು. ಆತನ ದೇಹವನ್ನು ಪರೀಕ್ಷಿಸಿದಾಗ ಕಂಡ ಲಕ್ಷಣಗಳು ಬಾಣಂತಿ ನಂಜಿನಿಂದ ಸತ್ತ ಹೆಂಗಸರ ದೇಹದಲ್ಲಿ ಕಾಣುತ್ತಿದ್ದಂಥವೇ. ಸೆಮ್ಮೆಲ್‌ವೈಸ್‌ಗೆ ಒಮ್ಮೆಲೇ ಎಲ್ಲವೂ ಹೊಳೆಯಿತು. ವಿದ್ಯಾರ್ಥಿಗಳು ಬೆಳಿಗ್ಗೆ ಶವಗಳನ್ನು ಕೊಯ್ದು, ಅದೇ ಕೈಗಳಿಂದ ಹೆರಿಗೆ ಮಾಡಿಸಲು ಬರುತ್ತಿದ್ದರು. ಸೂಲಗಿತ್ತಿಯರು ಶವಾಗಾರಕ್ಕೆ ಹೋಗುತ್ತಿರಲಿಲ್ಲ. ಸೋಪಿನಿಂದ ತೊಳೆದರೂ ಶವದ ವಾಸನೆ ಕೈಯಲ್ಲಿ ಉಳಿಯುತ್ತಿತ್ತು. ವಾಸನೆ ಉಳಿದಿದೆ ಎಂದರೆ ಶವದ ಕಣವೂ ಉಳಿದಿದೆ ಎಂದು ಆತ ತರ್ಕಿಸಿದ.

ಆ ವರ್ಷದ ಮೇ ತಿಂಗಳ ನಡುವಿನಿಂದ ಹೆರಿಗೆ ಕೋಣೆಗೆ ಬರುವ ಪ್ರತಿಯೊಬ್ಬರೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ನಿಯಮವಾಯಿತು. ಇಂದು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಬಳಗಕ್ಕೆ ಸೇರಿದ ವಸ್ತು ಅದು. 1848ರಲ್ಲಿ ಒಂದನೆಯ ವಿಭಾಗದ ಸಾವು ನೂರಕ್ಕೆ 1.27ಕ್ಕೆ ಇಳಿಯಿತು. ಸೂಲಗಿತ್ತಿಯರ ವಿಭಾಗದಲ್ಲಿ ಅದೇ ವರ್ಷ 1.33 ಇತ್ತು.

ಇಷ್ಟು ಸ್ಪಷ್ಟವಾದ ಲೆಕ್ಕವಿದ್ದರೂ ಹಿರಿಯ ವೈದ್ಯರು ಅನೇಕರು ಒಪ್ಪಲಿಲ್ಲ. ವೈದ್ಯನ ಕೈಯೇ ಸಾವನ್ನು ಹೊತ್ತು ತರುತ್ತದೆ ಎಂಬ ಮಾತು ಅವರಿಗೆ ನುಂಗಲಾರದ ತುತ್ತಾಯಿತು. ಸೆಮ್ಮೆಲ್‌ವೈಸ್ ಕೆಲಸ ಕಳೆದುಕೊಂಡು ಸ್ವದೇಶಕ್ಕೆ ಮರಳಿದ. ಕೊನೆಗೆ ಮನಸ್ಸು ಕೆಟ್ಟು, ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ 1865ರ ಆಗಸ್ಟ್ 13ರಂದು ಗಾಯದ ನಂಜೇರಿ ಸತ್ತ.

ಗ್ಲಾಸ್ಗೋದ ಹನ್ನೊಂದು ವರ್ಷದ ಹುಡುಗ

ಅದಕ್ಕೆ ಸರಿಯಾಗಿ ಒಂದು ದಿನ ಮೊದಲು, ಅಂದರೆ 1865ರ ಆಗಸ್ಟ್ 12ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಆಸ್ಪತ್ರೆಗೆ ಜೇಮ್ಸ್ ಗ್ರೀನ್‌ಲೀಸ್ ಎಂಬ 11 ವರ್ಷದ ಹುಡುಗನನ್ನು ಕರೆತಂದರು. ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದಿತ್ತು, ಚರ್ಮವೂ ಹರಿದಿತ್ತು. ಆ ಕಾಲದಲ್ಲಿ ಚರ್ಮ ಹರಿದ ಮೂಳೆ ಮುರಿತವೆಂದರೆ ಕೀವು ತುಂಬಿ ಕಾಲನ್ನೇ ಕತ್ತರಿಸಬೇಕಾಗುತ್ತಿತ್ತು, ಇಲ್ಲವೇ ಪ್ರಾಣ ಹೋಗುತ್ತಿತ್ತು.

ಅಲ್ಲಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಅಷ್ಟರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಬರೆದಿದ್ದ ಲೇಖನಗಳನ್ನು ಓದಿದ್ದ. ಹುಳಿಯುವುದೂ ಕೊಳೆಯುವುದೂ ಸೂಕ್ಷ್ಮಜೀವಿಗಳ ಕೆಲಸವಾದರೆ, ಗಾಯ ಕೊಳೆಯುವುದೂ ಅವುಗಳದೇ ಕೆಲಸವಲ್ಲವೇ ಎಂದು ಆತ ಯೋಚಿಸಿದ. ಕಾರ್ಲೈಲ್ ಪಟ್ಟಣದಲ್ಲಿ ಚರಂಡಿ ನೀರಿನ ದುರ್ವಾಸನೆ ಹೋಗಲಾಡಿಸಲು ಕಾರ್ಬಾಲಿಕ್ ಆಮ್ಲ ಹಾಕುತ್ತಿದ್ದ ಸುದ್ದಿಯೂ ಆತನಿಗೆ ತಿಳಿದಿತ್ತು. ಅದೇ ವಸ್ತುವಿನಲ್ಲಿ ನೆನೆಸಿದ ಬಟ್ಟೆಯನ್ನು ಹುಡುಗನ ಗಾಯಕ್ಕೆ ಕಟ್ಟಿದ. ನಾಲ್ಕು ದಿನ ಬಿಟ್ಟು ಬಿಚ್ಚಿ ನೋಡಿದಾಗ ಕೀವಿರಲಿಲ್ಲ, ಕೆಟ್ಟ ವಾಸನೆಯೂ ಇರಲಿಲ್ಲ. ಆರು ವಾರಗಳಲ್ಲಿ ಮೂಳೆ ಕೂಡಿಕೊಂಡು ಹುಡುಗ ತನ್ನ ಎರಡೂ ಕಾಲುಗಳೊಂದಿಗೆ ಮನೆಗೆ ಹೋದ. 1867ರಲ್ಲಿ ಲಿಸ್ಟರ್ ಇಂಥ ಹಲವು ರೋಗಿಗಳ ವಿವರಗಳನ್ನು ಪ್ರಕಟಿಸಿದ.

ಲಿಸ್ಟರ್ ಮಾಡಿದ್ದು ಗಾಯಕ್ಕೆ ಬಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕೆಲಸ. ಅವು ಗಾಯದ ಹತ್ತಿರವೇ ಸುಳಿಯದಂತೆ ಮಾಡಿದರೆ ಇನ್ನೂ ಒಳ್ಳೆಯದಲ್ಲವೇ? ಜರ್ಮನಿಯ ಶಸ್ತ್ರವೈದ್ಯರು ಈ ದಿಕ್ಕಿನಲ್ಲಿ ಮುಂದುವರಿದು, 1880ರ ದಶಕದ ಕೊನೆಯ ಹೊತ್ತಿಗೆ ಬಟ್ಟೆ, ಹತ್ತಿ, ಉಪಕರಣಗಳನ್ನು ಮೊದಲೇ ಹಬೆಯಲ್ಲಿ ಬೇಯಿಸಿ ತರುವ ಪದ್ಧತಿಯನ್ನು ಬಳಕೆಗೆ ತಂದರು.

ಕುದಿಸಿದರೆ ಸಾಲದೇ?

ಬೇಯಿಸುವುದೇ ಆದರೆ ಪಾತ್ರೆಯಲ್ಲಿ ನೀರಿಟ್ಟು ಕುದಿಸಿದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಿಂದೆ ನಮ್ಮ ಊರುಗಳ ಚಿಕ್ಕ ದವಾಖಾನೆಗಳಲ್ಲಿ ಗಾಜಿನ ಸಿರಿಂಜುಗಳನ್ನು ಹೀಗೇ ಕುದಿಸುತ್ತಿದ್ದರು. ಸಾಮಾನ್ಯ ಬ್ಯಾಕ್ಟೀರಿಯಾಗಳೂ ಹೆಚ್ಚಿನ ವೈರಸ್‌ಗಳೂ ಕುದಿಯುವ ನೀರಿನಲ್ಲಿ ಬೇಗ ಸಾಯುತ್ತವೆ ಎಂಬುದು ನಿಜ. ಆದರೆ ಕೆಲವು ಬ್ಯಾಕ್ಟೀರಿಯಾಗಳಿಗೆ ಒಂದು ಉಪಾಯ ಗೊತ್ತು. ಕಷ್ಟಕಾಲ ಬಂದಾಗ ಅವು ಬೀಜಕದ ರೂಪ ತಾಳುತ್ತವೆ. ಬೀಜಕದ ಸುತ್ತ ದಪ್ಪ ಕವಚ, ಒಳಗೆ ನೀರಿನಂಶ ಬಹಳ ಕಡಿಮೆ, ಜೀವಕ್ರಿಯೆ ನಿಂತಂತೆಯೇ. ಬೇಸಿಗೆಯಲ್ಲಿ ಒಣಗಿ ಬಿದ್ದ ರಾಗಿಕಾಳು ಮಳೆಗೆ ಕಾಯುವಂತೆ ಅದು ವರ್ಷಗಟ್ಟಲೆ ಕಾಯುತ್ತದೆ. ಧನುರ್ವಾಯು ತರುವ ಬ್ಯಾಕ್ಟೀರಿಯಾ ಇದಕ್ಕೆ ಉದಾಹರಣೆ. ಅದರ ಬೀಜಕಗಳು ಮಣ್ಣಿನಲ್ಲಿ, ದನಕುದುರೆಗಳ ಸಗಣಿಯಲ್ಲಿ ಇರುತ್ತವೆ.

1877ರಲ್ಲಿ ಲಂಡನ್ನಿನ ವಿಜ್ಞಾನಿ ಜಾನ್ ಟಿಂಡಾಲ್ ಒಣಹುಲ್ಲಿನ ಕಷಾಯವನ್ನು ಎಷ್ಟು ಕುದಿಸಿದರೂ ಅದು ಮತ್ತೆ ಕೆಡುವುದನ್ನು ಕಂಡ. ಕುದಿಸಿದಾಗ ಬ್ಯಾಕ್ಟೀರಿಯಾ ಸತ್ತರೂ ಬೀಜಕಗಳು ಬದುಕಿರುತ್ತವೆ. ತಣ್ಣಗಾದ ಮೇಲೆ ಮೊಳೆತು ಮತ್ತೆ ಬೆಳೆಯುತ್ತವೆ. ಆತ ಒಂದು ಜಾಣ ಉಪಾಯ ಮಾಡಿದ. ಒಮ್ಮೆ ಕುದಿಸಿ, ಬೀಜಕಗಳು ಮೊಳೆಯಲು ಸಮಯ ಕೊಟ್ಟು, ಮೊಳೆತ ಮೆತ್ತನೆಯ ಜೀವಿಗಳನ್ನು ಮತ್ತೆ ಕುದಿಸಿದ. ಹೀಗೆ ಹಲವು ಬಾರಿ ಮಾಡಿದಾಗ ಕಷಾಯ ಕೆಡದೆ ಉಳಿಯಿತು.

ನಮ್ಮ ನಾಡಿಗೆ ಇದು ಪುಸ್ತಕದ ಮಾತಷ್ಟೇ ಆಗಿರಲಿಲ್ಲ. ಶುಚಿಯಿಲ್ಲದ ಕುಡುಗೋಲು, ಹಳೆಯ ಬ್ಲೇಡುಗಳಿಂದ ಹೊಕ್ಕುಳ ಬಳ್ಳಿ ಕೊಯ್ದು, ಅದಕ್ಕೆ ಬೂದಿ, ಸಗಣಿ ಮೆತ್ತಿದಾಗ ಎಷ್ಟೋ ಹಸುಗೂಸುಗಳು ಹುಟ್ಟಿದ ವಾರ ಹತ್ತು ದಿನಗಳಲ್ಲೇ ಧನುರ್ವಾಯುವಿನಿಂದ ಸಾಯುತ್ತಿದ್ದವು. ಗರ್ಭಿಣಿಯರಿಗೆ ಲಸಿಕೆ, ಆಸ್ಪತ್ರೆ ಹೆರಿಗೆ, ಜೊತೆಗೆ ಶುಚಿಯಾದ ಕೈ, ಶುಚಿಯಾದ ಹಾಸು, ಶುಚಿಯಾದ ಬ್ಲೇಡು, ಶುಚಿಯಾದ ದಾರ, ಏನನ್ನೂ ಮೆತ್ತದ ಶುಚಿಯಾದ ಹೊಕ್ಕುಳು ಎಂಬ ಐದು ಪಾಠಗಳು ಈ ಸಾವುಗಳನ್ನು ತಡೆದವು. 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಘೋಷಿತವಾಯಿತು. ಪ್ರತಿಯೊಂದು ಜಿಲ್ಲೆಯಲ್ಲೂ ಸಾವಿರ ಜೀವಂತ ಜನನಗಳಿಗೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬುದು ಇದರ ಅರ್ಥ. ಬೀಜಕಗಳು ಮಣ್ಣಿನಲ್ಲಿ ಈಗಲೂ ಇವೆ.

ಕುಕ್ಕರಿನ ಅಣ್ಣ

ಬೀಜಕಗಳನ್ನು ಕೊಲ್ಲಲು 100 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಹಬೆ ಬೇಕು. ತೆರೆದ ಪಾತ್ರೆಯಲ್ಲಿ ನೀರನ್ನು ಎಷ್ಟು ಕಾಯಿಸಿದರೂ ಅದರ ಉಷ್ಣತೆ ಕುದಿಬಿಂದುವಿಗಿಂತ ಮೇಲೇರುವುದಿಲ್ಲ. ಉರಿ ಹೆಚ್ಚಿಸಿದರೆ ನೀರು ಬೇಗ ಆವಿಯಾಗುತ್ತದೆ, ಅಷ್ಟೇ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಂತೂ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಬಿಗಿದು ಹಬೆಯನ್ನು ಹಿಡಿದಿಟ್ಟರೆ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ಕುದಿಬಿಂದುವೂ ಏರುತ್ತದೆ. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಈ ತತ್ತ್ವದ ಮೇಲೆ ಮೂಳೆ ಬೇಯಿಸುವ ಪಾತ್ರೆ ತಯಾರಿಸಿದ. ಇಂದಿನ ಅಡುಗೆಮನೆಯ ಪ್ರೆಷರ್ ಕುಕ್ಕರ್ ಅದರ ವಂಶದ್ದೇ. 1879ರಲ್ಲಿ ಪಾಶ್ಚರ್‌ನ ಸಹಾಯಕ ಚಾರ್ಲ್ಸ್ ಶಾಂಬರ್‌ಲಾನ್ ಇದೇ ತತ್ತ್ವವನ್ನು ಸೂಕ್ಷ್ಮಜೀವಿಗಳನ್ನು ಕೊಲ್ಲಲು ಬಳಸಿಕೊಂಡ. ಆ ಯಂತ್ರವೇ ಆಟೋಕ್ಲೇವ್.

ಆಟೋಕ್ಲೇವ್‌ನಲ್ಲಿ ಹಬೆಯ ಒತ್ತಡ ವಾಯುಭಾರಕ್ಕಿಂತ ಚದರ ಅಂಗುಲಕ್ಕೆ 15 ಪೌಂಡಿನಷ್ಟು ಹೆಚ್ಚಿದ್ದರೆ ಉಷ್ಣತೆ 121 ಡಿಗ್ರಿ ಸೆಲ್ಸಿಯಸ್ ಆಗುತ್ತದೆ. ಈ ಉಷ್ಣತೆಯನ್ನು 15 ನಿಮಿಷ ಕಾಯ್ದುಕೊಳ್ಳಬೇಕೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಬಟ್ಟೆಯ ಗಂಟುಗಳಿಗೆ ಇನ್ನೂ ಹೆಚ್ಚು ಸಮಯ ಬೇಕು. ಮೊದಲು ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ತೆಗೆಯುವ ಹೊಸ ಯಂತ್ರಗಳಲ್ಲಿ 134 ಡಿಗ್ರಿಯಲ್ಲಿ ಮೂರು ನಾಲ್ಕು ನಿಮಿಷ ಸಾಕು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಬಿಸಿ ಮುಖ್ಯವಾದರೆ ಹಬೆಯೇ ಏಕೆ, ಬಿಸಿ ಗಾಳಿ ಸಾಲದೇ? ಒಣ ಬಿಸಿ ಗಾಳಿಯಲ್ಲಿ ಕ್ರಿಮಿಶುದ್ಧಿ ಮಾಡಬಹುದು, ಆದರೆ 160 ಡಿಗ್ರಿಯಲ್ಲಿ ಎರಡು ಗಂಟೆ ಇಡಬೇಕು. ಇದಕ್ಕೆ ಎರಡು ಕಾರಣಗಳಿವೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಗೆ ಹಬೆ ತಗಲಿದರೆ ಬೊಬ್ಬೆ ಏಳುವುದು ಎಲ್ಲರಿಗೂ ಗೊತ್ತು. ಒಂದು ಗ್ರಾಂ ಹಬೆ ತಣ್ಣನೆಯ ವಸ್ತುವಿಗೆ ತಗಲಿ ನೀರಾಗುವಾಗ ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಅಲ್ಲಿಯೇ ಬಿಟ್ಟುಕೊಡುತ್ತದೆ. ಅದೇ ಒಂದು ಗ್ರಾಂ ಕುದಿನೀರು ಒಂದು ಡಿಗ್ರಿ ತಣಿದರೆ ಕೊಡುವುದು ಒಂದೇ ಕ್ಯಾಲೊರಿ. ಇದು ಮೊದಲನೆಯ ಕಾರಣ. ಎರಡನೆಯದು ತೇವ. ಮೊಟ್ಟೆಯ ಬಿಳಿಭಾಗ ಬಿಸಿಗೆ ಗಟ್ಟಿಯಾಗುವಂತೆ ಜೀವಕೋಶದ ಪ್ರೋಟೀನುಗಳೂ ಗಟ್ಟಿಯಾಗುತ್ತವೆ. ನೀರಿನಂಶ ಕಡಿಮೆಯಿದ್ದಷ್ಟೂ ಇದಕ್ಕೆ ಹೆಚ್ಚು ಬಿಸಿ ಬೇಕು. ಹಬೆ ಬಿಸಿಯನ್ನೂ ತೇವವನ್ನೂ ಒಟ್ಟಿಗೆ ತರುತ್ತದೆ.

ಆದ್ದರಿಂದಲೇ ಆಟೋಕ್ಲೇವ್‌ನೊಳಗಿನ ಗಾಳಿ ಪೂರ್ತಿ ಹೊರಹೋಗಬೇಕು. ಗಾಳಿ ಉಳಿದರೆ ಒತ್ತಡದ ಮುಳ್ಳು 15 ಪೌಂಡನ್ನೇ ತೋರಿಸಿದರೂ ಉಷ್ಣತೆ ಅಷ್ಟಿರುವುದಿಲ್ಲ. ಗಾಳಿಯಲ್ಲಿ ಅರ್ಧ ಮಾತ್ರ ಹೋಗಿದ್ದರೆ ಉಷ್ಣತೆ ಸುಮಾರು 112 ಡಿಗ್ರಿ. ಏನೂ ಹೋಗದಿದ್ದರೆ ಸುಮಾರು 100 ಡಿಗ್ರಿ. ಗಾಳಿ ಹಬೆಗಿಂತ ಭಾರವಾದುದರಿಂದ ತಳದಲ್ಲಿ ಕೂರುತ್ತದೆ. ಒತ್ತಡದ ಮುಳ್ಳಿಗಿಂತ ಉಷ್ಣಮಾಪಕವನ್ನು ನಂಬಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಅದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಹಿ ಉದಾಹರಣೆ ಇದೆ.

ಡೆವನ್‌ಪೋರ್ಟ್‌ನ ಡ್ರಿಪ್ ಬಾಟಲಿಗಳು

ಇಂಗ್ಲೆಂಡಿನ ಪ್ಲಿಮತ್ ನಗರದಲ್ಲಿ ಡೆವನ್‌ಪೋರ್ಟ್ ಎಂಬ ಭಾಗವಿದೆ. 1972ರ ಮಾರ್ಚ್‌ನಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆದ ರೋಗಿಗಳು ಇದ್ದಕ್ಕಿದ್ದಂತೆ ಕುಸಿಯತೊಡಗಿದರು. ಅವರಿಗೆಲ್ಲ ರಕ್ತನಾಳದ ಮೂಲಕ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ದ್ರಾವಣ ಕೊಡಲಾಗಿತ್ತು. ವೈದ್ಯರಿಗೆ ಬಾಟಲಿಗಳ ಮೇಲೆ ಸಂಶಯ ಬಂತು. ಪರೀಕ್ಷಿಸಿದರೆ ದ್ರಾವಣದಲ್ಲಿ ಬ್ಯಾಕ್ಟೀರಿಯಾಗಳು ಬೆಳೆದಿದ್ದವು. ಐವರು ರೋಗಿಗಳ ಸಾವಿಗೆ ಈ ದ್ರಾವಣವೂ ಕಾರಣವಾಗಿರಬೇಕೆಂದು ಆಮೇಲೆ ತೀರ್ಮಾನವಾಯಿತು.

ಬಾಟಲಿಗಳು ಹೆಸರುವಾಸಿ ಕಾರ್ಖಾನೆಯೊಂದರಲ್ಲಿ 1971ರ ಏಪ್ರಿಲ್‌ನಲ್ಲಿ ಆಟೋಕ್ಲೇವ್ ಆಗಿ ಬಂದಿದ್ದವು. ಬ್ರಿಟಿಷ್ ಸರಕಾರ ಸಿಸಿಲ್ ಕ್ಲೋಥಿಯರ್ ಎಂಬ ವಕೀಲರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸಮಿತಿ ಕಂಡುಕೊಂಡ ವಿಷಯ ಸರಳವಾಗಿತ್ತು. ಆ ದಿನ ಆಟೋಕ್ಲೇವ್‌ನ ತಳದಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಮೇಲಿನ ಸಾಲಿನ ಬಾಟಲಿಗಳು ಸರಿಯಾಗಿ ಬೆಂದವು, ಕೆಳಗಿನ ಸಾಲಿನವು ಬೇಯಲಿಲ್ಲ. ತಳದಲ್ಲಿದ್ದ ಉಷ್ಣಮಾಪಕ ಬಿಸಿ ಏರಿಲ್ಲವೆಂದು ತೋರಿಸಿತ್ತು. ಆದರೆ ಅದು ಕೆಟ್ಟಿರಬೇಕೆಂದು ಭಾವಿಸಿ, ಉಳಿದ ಮಾಪಕಗಳನ್ನು ನಂಬಿ ಕೆಲಸ ಮುಂದುವರಿಸಿದ್ದರು. ಮಾದರಿಗಾಗಿ ತೆಗೆದ ಬಾಟಲಿಗಳು ಪರೀಕ್ಷೆಯಲ್ಲಿ ಪಾಸಾಗಿದ್ದವು. ಕ್ರಿಮಿಶುದ್ಧಿಯೆಂದರೆ ಯಾರು ಬೇಕಾದರೂ ಮಾಡಬಹುದಾದ ಸುಲಭ ಕೆಲಸ, ಅದಕ್ಕೆ ದೊಡ್ಡ ತರಬೇತಿಯಾಗಲಿ ಮೇಲ್ವಿಚಾರಣೆಯಾಗಲಿ ಬೇಡ ಎಂಬ ಭಾವನೆಯೇ ತಪ್ಪು ಎಂದು ಸಮಿತಿ ಎಚ್ಚರಿಸಿತು.

ಈ ಘಟನೆಯಿಂದ ವಿದ್ಯಾರ್ಥಿಗಳು ಕಲಿಯಬೇಕಾದ ಪಾಠ ಪ್ರಯೋಗಶಾಲೆಗೂ ಹೊಂದುತ್ತದೆ. ಉಪಕರಣ ನಾವು ನಿರೀಕ್ಷಿಸದ ಅಂಕಿ ತೋರಿಸಿದರೆ ಉಪಕರಣವೇ ಕೆಟ್ಟಿದೆ ಎಂದು ಪಕ್ಕಕ್ಕಿಡುವ ಮೊದಲು, ಅದು ನಿಜ ಹೇಳುತ್ತಿರಬಹುದೇ ಎಂದು ನೋಡಬೇಕು.

ಹತ್ತರಲ್ಲಿ ಒಂದು ಉಳಿಯುವ ಲೆಕ್ಕ

ಬೆಂದ ಬಾಟಲಿಗೂ ಬೇಯದ ಬಾಟಲಿಗೂ ನೋಟದಲ್ಲಿ ಭೇದವಿಲ್ಲ. ಎಲ್ಲವನ್ನೂ ಬಿಚ್ಚಿ ಪರೀಕ್ಷಿಸಿದರೆ ಬಳಸಲು ಏನೂ ಉಳಿಯುವುದಿಲ್ಲ. ಹಾಗಾದರೆ ನಂಬುವುದು ಹೇಗೆ?

ಉತ್ತರ ಗಣಿತದಲ್ಲಿದೆ. ಸೂಕ್ಷ್ಮಜೀವಿಗಳು ಎಲ್ಲವೂ ಒಂದೇ ಕ್ಷಣದಲ್ಲಿ ಸಾಯುವುದಿಲ್ಲ. ನಿಗದಿತ ಉಷ್ಣತೆಯಲ್ಲಿ ಪ್ರತಿ ನಿಗದಿತ ಅವಧಿಗೆ ಹತ್ತರಲ್ಲಿ ಒಂಬತ್ತು ಪಾಲು ಸಾಯುತ್ತವೆ, ಒಂದು ಪಾಲು ಉಳಿಯುತ್ತದೆ. ಈ ಅವಧಿ ಒಂದು ನಿಮಿಷ ಎಂದುಕೊಳ್ಳಿ. ಕತ್ತರಿಯ ಮೇಲೆ 10 ಲಕ್ಷ ಬೀಜಕಗಳಿದ್ದರೆ ಮೊದಲ ನಿಮಿಷದ ಕೊನೆಗೆ 1 ಲಕ್ಷ, ಎರಡನೆಯದರ ಕೊನೆಗೆ 10 ಸಾವಿರ, ಹೀಗೆ ಆರನೆಯ ನಿಮಿಷದ ಕೊನೆಗೆ ಒಂದು ಉಳಿಯುತ್ತದೆ. ಮುಂದಿನ ನಿಮಿಷ ಹತ್ತನೆಯ ಒಂದು ಎಂದರೆ ಏನು? ಇಂಥ ಹತ್ತು ಕತ್ತರಿಗಳಲ್ಲಿ ಒಂದರ ಮೇಲೆ ಮಾತ್ರ ಒಂದು ಬೀಜಕ ಉಳಿದಿರಬಹುದು ಎಂದರ್ಥ. 12 ನಿಮಿಷವಾದಾಗ 10 ಲಕ್ಷ ಕತ್ತರಿಗಳಲ್ಲಿ ಒಂದರ ಮೇಲೆ ಉಳಿಯುವ ಸಂಭವ. ಕ್ರಿಮಿಶುದ್ಧಿಗೆ ಸಾಮಾನ್ಯವಾಗಿ ಒಪ್ಪಿರುವ ಮಟ್ಟ ಇದೇ.

ಈ ಲೆಕ್ಕದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಚೆನ್ನಾಗಿ ತೊಳೆದು 10 ಲಕ್ಷವನ್ನು ಮೊದಲೇ ಒಂದು ಸಾವಿರಕ್ಕೆ ಇಳಿಸಿದರೆ ಅದೇ ಸಮಯದಲ್ಲಿ ಸಾವಿರ ಪಟ್ಟು ಹೆಚ್ಚು ರಕ್ಷಣೆ ಸಿಗುತ್ತದೆ. ತೊಳೆಯದೆ ಬಿಟ್ಟರೆ ಒಣಗಿದ ರಕ್ತದ ಪದರ ಸೂಕ್ಷ್ಮಜೀವಿಗಳಿಗೆ ಕಂಬಳಿಯಾಗಿ ರಕ್ಷಣೆ ಕೊಡುತ್ತದೆ. ಆದ್ದರಿಂದ ಯಾವ ವಿಧಾನವಾದರೂ ಮೊದಲ ಹೆಜ್ಜೆ ತೊಳೆಯುವುದೇ.

ಆಸ್ಪತ್ರೆಗಳಲ್ಲಿ ಪ್ರತಿ ಗಂಟಿನ ಮೇಲೆ ಒಂದು ಬಗೆಯ ಪಟ್ಟಿ ಅಂಟಿಸುತ್ತಾರೆ. ಬಿಸಿ ಹಬೆ ತಗಲಿದಾಗ ಅದರ ಮೇಲೆ ಕಪ್ಪು ಗೆರೆಗಳು ಮೂಡುತ್ತವೆ. ಈ ಗಂಟು ಯಂತ್ರದೊಳಗೆ ಹೋಗಿ ಬಂದಿದೆ ಎಂದಷ್ಟೇ ಅದು ಹೇಳುತ್ತದೆ. ನಿಜವಾದ ಪರೀಕ್ಷೆಗೆ ಬಿಸಿಯನ್ನು ಬಹಳ ಸಹಿಸಬಲ್ಲ ಜಿಯೋಬ್ಯಾಸಿಲಸ್ ಸ್ಟೀರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳನ್ನು ಬಳಸುತ್ತಾರೆ. ಅವನ್ನು ಸಾಮಾನುಗಳ ನಡುವೆ ಇಟ್ಟು ಬೇಯಿಸಿ, ಆಮೇಲೆ ಬೆಳೆಯಲು ಬಿಡುತ್ತಾರೆ. ಅವೇ ಸತ್ತಿದ್ದರೆ ಉಳಿದವು ಬದುಕಿರುವ ಸಂಭವ ತೀರಾ ಕಡಿಮೆ.

ಬಿಸಿ ತಾಳದ ವಸ್ತುಗಳು

ಉಕ್ಕು, ಗಾಜು, ಬಟ್ಟೆಗಳನ್ನು ಬೇಯಿಸಬಹುದು. ಪ್ಲಾಸ್ಟಿಕ್ ಸಿರಿಂಜನ್ನು ಬೇಯಿಸಿದರೆ ಸೊಟ್ಟಗಾದೀತು. ಇಂಥವಕ್ಕೆ ಎಥಿಲೀನ್ ಆಕ್ಸೈಡ್ ಎಂಬ ಅನಿಲವನ್ನು ಬಳಸುತ್ತಾರೆ. ಅದು ಕಡಿಮೆ ಬಿಸಿಯಲ್ಲೇ ಪೊಟ್ಟಣದೊಳಗೆ ನುಸುಳಿ ಬೀಜಕಗಳನ್ನೂ ಕೊಲ್ಲುತ್ತದೆ. ಆದರೆ ಅದು ಮನುಷ್ಯರಿಗೂ ವಿಷ, ಬೆಂಕಿಗೂ ಹೊತ್ತಿಕೊಳ್ಳುತ್ತದೆ. ಅನಿಲವೆಲ್ಲ ಆರಿಹೋಗುವವರೆಗೆ ಕಾದು ಆಮೇಲೆ ಬಳಸಬೇಕು.

ಇನ್ನೊಂದು ವಿಧಾನ ಗಾಮಾ ಕಿರಣ. ಕೋಬಾಲ್ಟ್-60ರಿಂದ ಹೊಮ್ಮುವ ಈ ಕಿರಣಗಳು ಮುಚ್ಚಿದ ಪೊಟ್ಟಣದ ಮೂಲಕವೇ ಹಾದು ಸೂಕ್ಷ್ಮಜೀವಿಗಳ ಡಿ.ಎನ್.ಎ.ಯನ್ನು ತುಂಡರಿಸುತ್ತವೆ. ವಸ್ತು ವಿಕಿರಣಶೀಲವಾಗುವುದಿಲ್ಲ, ಬಿಸಿಯೂ ಆಗುವುದಿಲ್ಲ ಎನ್ನುವಷ್ಟು ಕಡಿಮೆ. ಭಾರತದಲ್ಲಿ ಇಂಥ ಕೇಂದ್ರ ಐಸೋಮೆಡ್ ಎಂಬ ಹೆಸರಿನಲ್ಲಿ 1974ರಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ ಆರಂಭವಾಯಿತು. ಸಿರಿಂಜು, ಕೈಗವಸಿನ ಪೊಟ್ಟಣಗಳ ಮೇಲೆ ಕ್ರಿಮಿಶುದ್ಧಿಯ ಗುರುತಿನ ಪಕ್ಕದಲ್ಲಿ 'ಇ ಓ' ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅನಿಲದಿಂದ, 'ಆರ್' ಎಂದಿದ್ದರೆ ಕಿರಣದಿಂದ ಶುದ್ಧಿಯಾಗಿದೆ ಎಂದರ್ಥ. ಮುಂದಿನ ಸಲ ಔಷಧದ ಅಂಗಡಿಗೆ ಹೋದಾಗ ಮಕ್ಕಳು ಹುಡುಕಿ ನೋಡಬಹುದು.

ಹೊಟ್ಟೆಯೊಳಗೆ ಇಣುಕುವ ಎಂಡೋಸ್ಕೋಪಿನಂಥ ಸೂಕ್ಷ್ಮ ಉಪಕರಣಗಳನ್ನು ಎರಡು ಶೇಕಡಾ ಗ್ಲುಟರಾಲ್ಡಿಹೈಡ್‌ನಂಥ ದ್ರಾವಣದಲ್ಲಿ ಮುಳುಗಿಸುತ್ತಾರೆ. ಸುಮಾರು 20 ನಿಮಿಷ ಮುಳುಗಿಸಿದರೆ ಉನ್ನತ ಮಟ್ಟದ ಸೋಂಕುನಾಶ. ಬೀಜಕಗಳೂ ಸಾಯಬೇಕಾದರೆ ಹತ್ತು ಗಂಟೆಯಷ್ಟು ಬೇಕು. ಹೀಗೆ ಮುಳುಗಿಸಿದ ಉಪಕರಣವನ್ನು ನಲ್ಲಿಯ ನೀರಿನಲ್ಲಿ ತೊಳೆದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನೀರಿನಲ್ಲಿರುವ, ಕ್ಷಯದ ಬ್ಯಾಕ್ಟೀರಿಯಾದ ದೂರದ ಬಂಧುಗಳು ಉಪಕರಣದ ಜೊತೆ ಗಾಯದೊಳಗೆ ಹೋಗಿ, ವಾರಗಳ ನಂತರ ವಾಸಿಯಾಗದ ಗಂಟುಗಳಾಗಿ ಕಾಣಿಸಿಕೊಳ್ಳುತ್ತವೆ.

ಯಾವುದಕ್ಕೆ ಎಷ್ಟು ಶುದ್ಧಿ ಬೇಕು? ಅಮೆರಿಕದ ಅರ್ಲ್ ಸ್ಪಾಲ್ಡಿಂಗ್ ಹಾಕಿಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ರಕ್ತ ಮತ್ತು ದೇಹದ ಒಳಭಾಗಕ್ಕೆ ಹೋಗುವ ವಸ್ತುವಿಗೆ ಕ್ರಿಮಿಶುದ್ಧಿ. ಬಾಯಿ, ಗಂಟಲು, ಕರುಳಿನ ಒಳಪದರಕ್ಕೆ ತಗಲುವ ವಸ್ತುವಿಗೆ ಉನ್ನತ ಮಟ್ಟದ ಸೋಂಕುನಾಶ. ಗಟ್ಟಿಯಾದ ಚರ್ಮಕ್ಕೆ ಮಾತ್ರ ತಗಲುವ ಮಂಚ, ಸ್ಟೆತೋಸ್ಕೋಪುಗಳಿಗೆ ಸಾಮಾನ್ಯ ಸೋಂಕುನಾಶ.

ಸ್ಪಿರಿಟ್, ಬ್ಲೀಚಿಂಗ್ ಮತ್ತು ಕೈ

ಇಂಜೆಕ್ಷನ್ನಿಗೆ ಮುಂಚೆ ಹಚ್ಚುವ ಸ್ಪಿರಿಟ್‌ನಲ್ಲಿ ಆಲ್ಕೋಹಾಲ್ ಸುಮಾರು 70 ಶೇಕಡಾ ಇರುತ್ತದೆ. ನೂರಕ್ಕೆ ನೂರು ಆಲ್ಕೋಹಾಲ್ ಇನ್ನೂ ಪ್ರಬಲವಾಗಬೇಕಿತ್ತಲ್ಲ? ಹಾಗಲ್ಲ. ಪ್ರೋಟೀನು ಗಟ್ಟಿಯಾಗಲು ನೀರೂ ಬೇಕು. ನೀರಿಲ್ಲದ ಆಲ್ಕೋಹಾಲ್ ಬೇಗ ಆರಿಯೂ ಹೋಗುತ್ತದೆ. ಆದರೆ ಸ್ಪಿರಿಟ್ ಬೀಜಕಗಳನ್ನು ಕೊಲ್ಲುವುದಿಲ್ಲ. ಸೂಜಿಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಮಾತ್ರಕ್ಕೆ ಅದು ಶುದ್ಧವಾಗದು. ನೆಲದ ಮೇಲೆ ಚೆಲ್ಲಿದ ರಕ್ತಕ್ಕೆ ಕ್ಲೋರಿನ್ ದ್ರಾವಣ ಒಳ್ಳೆಯದು. ಅದನ್ನು ಆಯಾ ದಿನವೇ ತಯಾರಿಸಬೇಕು, ಏಕೆಂದರೆ ಇಟ್ಟಷ್ಟೂ ಶಕ್ತಿ ಕುಂದುತ್ತದೆ. ಬ್ಲೀಚಿಂಗ್ ಜೊತೆ ಶೌಚಾಲಯ ತೊಳೆಯುವ ಆಮ್ಲವನ್ನು ಎಂದೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಇಷ್ಟೆಲ್ಲ ಯಂತ್ರಗಳಿದ್ದರೂ ಆಸ್ಪತ್ರೆಯಲ್ಲಿ ಸೋಂಕು ಹೆಚ್ಚಾಗಿ ಓಡಾಡುವುದು ಸೆಮ್ಮೆಲ್‌ವೈಸ್ ಹೇಳಿದ ದಾರಿಯಲ್ಲೇ, ಅಂದರೆ ಕೈಯಲ್ಲಿ. ಸ್ವಿಟ್ಜರ್‌ಲೆಂಡಿನ ಜಿನೀವಾ ಆಸ್ಪತ್ರೆಯಲ್ಲಿ ಡಿಡಿಯೇ ಪಿಟೆ ಮತ್ತು ಸಂಗಡಿಗರು 1994ರಿಂದ 1997ರವರೆಗೆ ಹಾಸಿಗೆಯ ಪಕ್ಕದಲ್ಲೇ ಆಲ್ಕೋಹಾಲ್ ದ್ರಾವಣವಿಟ್ಟು ಕೈ ಶುಚಿಯ ಅಭಿಯಾನ ನಡೆಸಿದರು. ಕೈ ಶುಚಿ ಮಾಡಿಕೊಳ್ಳುವುದು ನೂರಕ್ಕೆ 48 ಸಲದಿಂದ 66 ಸಲಕ್ಕೆ ಏರಿತು. ಆಸ್ಪತ್ರೆ ಸೋಂಕು ನೂರಕ್ಕೆ 16.9ರಿಂದ 9.9ಕ್ಕೆ ಇಳಿಯಿತು. ವಿಯೆನ್ನಾದ ಲೆಕ್ಕ ಬರೆದು 150 ವರ್ಷವಾದ ಮೇಲೂ ಮತ್ತೆ ಅದೇ ಪಾಠ.

ರೋಗಿಯನ್ನು ನೋಡಲು ಹೋಗುವ ನಮಗೂ ಇದು ಅನ್ವಯಿಸುತ್ತದೆ. ಒಳಗೆ ಹೋಗುವ ಮೊದಲೂ ಹೊರಬಂದ ಮೇಲೂ ಕೈ ತೊಳೆಯಬೇಕು. ರೋಗಿಯ ಹಾಸಿಗೆಯ ಮೇಲೆ ಕೂರಬಾರದು. ಗಾಯದ ಪಟ್ಟಿಯನ್ನು, ಡ್ರಿಪ್ಪಿನ ಕೊಳವೆಯನ್ನು ಮುಟ್ಟಬಾರದು. ಕೆಮ್ಮು ನೆಗಡಿ ಇದ್ದವರು ಹೋಗದಿರುವುದೇ ಲೇಸು. ಇಂಜೆಕ್ಷನ್ ಕೊಡುವಾಗ ಹೊಸ ಪೊಟ್ಟಣವನ್ನು ನಮ್ಮೆದುರೇ ಒಡೆಯಿರಿ ಎಂದು ವಿನಯದಿಂದ ಕೇಳುವುದು ರೋಗಿಯ ಹಕ್ಕು. ಪೊಟ್ಟಣ ಹರಿದಿದ್ದರೆ, ಒದ್ದೆಯಾಗಿದ್ದರೆ, ಅವಧಿ ಮುಗಿದಿದ್ದರೆ ಒಳಗಿನ ವಸ್ತು ಶುದ್ಧವೆಂದು ನಂಬುವಂತಿಲ್ಲ.

ದೊಡ್ಡ ಆಸ್ಪತ್ರೆಗಳಲ್ಲಿ ಉಪಕರಣಗಳನ್ನು ತೊಳೆದು, ಬೇಯಿಸಿ, ಪರೀಕ್ಷಿಸಿ ಕೊಡಲು ಪ್ರತ್ಯೇಕ ವಿಭಾಗವೇ ಇರುತ್ತದೆ. ಅಲ್ಲಿ ದುಡಿಯುವವರನ್ನು ರೋಗಿ ಎಂದೂ ನೋಡುವುದಿಲ್ಲ, ಅವರ ಹೆಸರೂ ಗೊತ್ತಿರುವುದಿಲ್ಲ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ, ಡಾಕ್ಟರ್ ಸೀಟು ಸಿಗಲಿಲ್ಲವೆಂದು ಕೊರಗುವ ಮಕ್ಕಳೂ ಅವರ ತಂದೆತಾಯಿಗಳೂ ಆಪರೇಷನ್ ಥಿಯೇಟರ್ ತಂತ್ರಜ್ಞಾನದಂಥ ಶಿಕ್ಷಣದ ಕಡೆಗೂ ಒಮ್ಮೆ ನೋಡಬೇಕು. ಶಸ್ತ್ರವೈದ್ಯ ಎಷ್ಟೇ ನಿಪುಣನಾಗಿದ್ದರೂ ಆತನ ಕೈಗೆ ಬರುವ ಕತ್ತರಿ ಸರಿಯಾಗಿ ಬೆಂದಿರಬೇಕಲ್ಲವೇ?

ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ: ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ಎರಡು ಆಟೋಕ್ಲೇವ್‌ಗಳಿವೆ. ಎರಡರಲ್ಲೂ ಗಾಳಿ ಪೂರ್ತಿ ಹೊರಹೋಗಿದೆ, ಎರಡರ ಒತ್ತಡದ ಮುಳ್ಳೂ 15 ಪೌಂಡ್ ತೋರಿಸುತ್ತಿದೆ. ಒಳಗಿನ ಉಷ್ಣತೆ ಎರಡರಲ್ಲೂ ಒಂದೇ ಆಗಿರುತ್ತದೆಯೇ? ಮುಳ್ಳು ತೋರಿಸುವುದು ಹೊರಗಿನ ವಾಯುಭಾರಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಮಂಗಳೂರಿನಲ್ಲಿ ವಾಯುಭಾರ ಚದರ ಅಂಗುಲಕ್ಕೆ ಸುಮಾರು 14.7 ಪೌಂಡ್, ಬೆಂಗಳೂರಿನಲ್ಲಿ ಸುಮಾರು 13.2 ಪೌಂಡ್. ಕೂಡಿಸಿ ನೋಡಿದರೆ ಬೆಂಗಳೂರಿನ ಯಂತ್ರದಲ್ಲಿ ಒಟ್ಟು ಒತ್ತಡ ಕಡಿಮೆ. ಉಷ್ಣತೆ 121ರ ಬದಲು ಸುಮಾರು 119 ಡಿಗ್ರಿ. ಎರಡೇ ಡಿಗ್ರಿ ಎಂದು ತಾತ್ಸಾರ ಮಾಡುವಂತಿಲ್ಲ. ಬೀಜಕಗಳು ಸಾಯಲು ಅಲ್ಲಿ ಹೆಚ್ಚು ಸಮಯ ಬೇಕಾಗುತ್ತದೆ. ಏನು ಮಾಡಬೇಕು ಎಂಬುದನ್ನು ಈಗ ನೀವೇ ಹೇಳಬಲ್ಲಿರಿ.